ಹಳ್ಳಿಯ ಜೋಳ, ಹಳ್ಳಿಯ ಪಡಿತರ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿಜಾಮರ ಕಾಲದ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರು ರಾಜ್ಯವನ್ನು ಸೇರಿದವು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಆಂಧ್ರಪ್ರದೇಶದ ಮೇದಕ ಜಿಲ್ಲೆಗೆ ಸೇರಿತು. (ಈಗ ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ.) ಈ ನಕ್ಷೆಯನ್ನು ತರಗತಿಯಲ್ಲಿ ನಿಮ್ಮಿಂದ ಬರೆಯಿಸಿದ್ದು ಕೆಲವರಿಗಾದರೂ ನೆನಪಿರಬಹುದು. ನಕ್ಷೆಯ ಗೆರೆ ಬದಲಾದರೂ ತಟ್ಟೆಯ ಊಟ ಬದಲಾಗಲಿಲ್ಲ. ಗೆರೆಯ ಎರಡೂ ಕಡೆ ಮಳೆ ನಂಬಿದ ಹೊಲ, ಜೋಳದ ರೊಟ್ಟಿ, ತೊಗರಿಬೇಳೆ.

ಬದಲಾವಣೆ ಬಂದುದು ಬೇರೊಂದು ದಿಕ್ಕಿನಿಂದ. 1983ರಲ್ಲಿ ಆಂಧ್ರದ ಮುಖ್ಯಮಂತ್ರಿಯಾದ ಎನ್. ಟಿ. ರಾಮರಾವ್ ಅವರು ಬಡವರಿಗೆ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆಯನ್ನು ಜಾರಿಗೆ ತಂದರು. ಅದನ್ನು ಹಗುರವಾಗಿ ಕಾಣುವವರ ಪೈಕಿ ನಾನಲ್ಲ. ಹಸಿದ ಮನೆಯಲ್ಲಿ ಒಲೆ ಹೊತ್ತಿಸಿದ ಯೋಜನೆಯದು. ಆದರೆ ಅಕ್ಕಿ ಬೆಳೆಯುತ್ತಿದ್ದುದು ಕೃಷ್ಣಾ-ಗೋದಾವರಿಯ ನೀರಾವರಿ ಬಯಲಿನಲ್ಲಿ. ಜಹೀರಾಬಾದಿನ ಜೋಳವನ್ನು ಕೇಳುವವರಿಲ್ಲದಾಯಿತು. ಭೂಸುಧಾರಣೆಯಲ್ಲಿ ಒಂದೆರಡು ಎಕರೆ ಕಲ್ಲುನೆಲ ಪಡೆದಿದ್ದ ದಲಿತ ಕುಟುಂಬಗಳಿಗೆ ಅದನ್ನು ಉಳಲು ಎತ್ತಿಲ್ಲ, ಗೊಬ್ಬರವಿಲ್ಲ, ಬಿತ್ತನೆಗೆ ಕಾಸಿಲ್ಲ. ಹೊಲ ಬೀಳುಬಿತ್ತು, ಒಡತಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋದಳು.

ಅದೇ 1983ರಲ್ಲಿ ಅಲ್ಲಿನ ಪಾಸ್ತಾಪುರವನ್ನು ನೆಲೆಯಾಗಿಸಿಕೊಂಡು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸವಾರಂಭಿಸಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ನಮ್ಮ ಮೈಸೂರಿನವರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದು, 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ತಲುಪಿಸಿದ 'ಸೈಟ್' ಪ್ರಯೋಗದಲ್ಲೂ ದುಡಿದವರು. ಮೇಲಿನಿಂದ ಹಳ್ಳಿಗೆ ಹೇಳುವ ಕೆಲಸದಲ್ಲಿದ್ದವರು ಹಳ್ಳಿಯ ಮಾತನ್ನು ಕೇಳುವ ಕೆಲಸಕ್ಕೆ ಬಂದರು. ಕ್ರಮೇಣ ಸುಮಾರು 75 ಹಳ್ಳಿಗಳಲ್ಲಿ ಮಹಿಳೆಯರ ಸಂಘಗಳು ರೂಪುಗೊಂಡವು. ಸದಸ್ಯೆಯರು ಸುಮಾರು 5,000. ಬಹುತೇಕರು ದಲಿತರು, ಓದು ಬಾರದವರು.

ಈ ಸಂಘಗಳು 1990ರ ದಶಕದ ನಡುಭಾಗದಲ್ಲಿ ಆರಂಭಿಸಿದ ಸಮುದಾಯ ಧಾನ್ಯ ನಿಧಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸುಮಾರು 30 ಹಳ್ಳಿಗಳಲ್ಲಿ ಬೀಳುಬಿದ್ದ ಹೊಲಗಳನ್ನು ಗುರುತಿಸಿದರು. ಉಳುಮೆ, ಗೊಬ್ಬರ, ಬಿತ್ತನೆ, ಕಳೆ ಎಂದು ಹಂತಹಂತವಾಗಿ ಹೊಲದವರಿಗೆ ಸಾಲ ಕೊಟ್ಟರು. ಇದಕ್ಕೆ ಕೇಂದ್ರ ಸರ್ಕಾರದ ನೆರವೂ ದೊರೆಯಿತು. ಸಾಲದ ಮರುಪಾವತಿ ಹಣದಲ್ಲಲ್ಲ, ಜೋಳದಲ್ಲಿ. ಅದೂ ಕೆಲವು ವರ್ಷಗಳ ಕಂತಿನಲ್ಲಿ. ಹಾಗೆ ಬಂದ ಜೋಳ ತಾಲ್ಲೂಕಿನ ಗೋದಾಮಿಗೆ ಹೋಗದೆ ಅದೇ ಊರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಹಳೆಯ ಕಾಳು ಮುಗಿದು ಹೊಸ ಪೈರು ಇನ್ನೂ ತೆನೆಗಟ್ಟದ ತಿಂಗಳುಗಳಿರುತ್ತವಲ್ಲ, ಆಗ ಅದನ್ನು ಬಡ ಮನೆಗಳಿಗೆ ಕಡಿಮೆ ಬೆಲೆಗೆ ಮಾರಿದರು. ಬಂದ ಹಣ ಮರಳಿ ಬೀಳುನೆಲಕ್ಕೆ ಹೋಯಿತು. ಒಟ್ಟು ಸುಮಾರು 2,500 ಎಕರೆ ಹೀಗೆ ಉಳುಮೆಗೆ ಬಂದಿತು. ಜೋಳದೊಂದಿಗೆ ದನಕ್ಕೆ ಮೇವು, ದನದಿಂದ ಗೊಬ್ಬರ, ಊರಿನಲ್ಲೇ ಕೂಲಿ. ಅಕ್ಕಿಯ ಮೂಟೆ ಹೊಟ್ಟೆಯೊಂದನ್ನೇ ತುಂಬಿಸುತ್ತಿತ್ತು.

ಬಡವರು ಯಾರೆಂದು ನಿರ್ಧರಿಸಿದ ಬಗೆ ನನಗೆ ಇನ್ನೂ ಹೆಚ್ಚು ಹಿಡಿಸಿತು. ಗುಮಾಸ್ತರ ಪಟ್ಟಿಯನ್ನು ನಂಬಲಿಲ್ಲ. ಊರಿನವರೇ ಸೇರಿ, ನೆಲದ ಮೇಲೆ ಊರಿನ ನಕ್ಷೆ ಬಿಡಿಸಿ, ಒಂದೊಂದು ಮನೆಯ ಸ್ಥಿತಿಯನ್ನೂ ಎದುರಿನಲ್ಲೇ ಚರ್ಚಿಸಿದರು. ಎಲ್ಲರಿಗಿಂತ ಕೆಳಗಿರುವ ಮನೆಗೆ ಹೆಚ್ಚು ಜೋಳ, ಸ್ವಲ್ಪ ಮೇಲಿರುವ ಮನೆಗೆ ಕಡಿಮೆ. ನೆರೆಹೊರೆಯವರ ಮುಂದೆ ಬಡತನದ ಸುಳ್ಳು ಹೇಳುವುದು ಕಚೇರಿಯಲ್ಲಿ ಹೇಳಿದಷ್ಟು ಸುಲಭವಲ್ಲ!

ಬೀಜಕ್ಕೂ ಇಂಥದೇ ಕಟ್ಟಳೆ. ಸಂಘದ ಬೀಜ ಪಡೆದವಳು ಫಸಲು ಬಂದ ಮೇಲೆ ಇಮ್ಮಡಿಯಾಗಿ ಹಿಂದಿರುಗಿಸಬೇಕು. ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ, ಅಲಸಂದೆ, ಪುಂಡಿ ಎಲ್ಲವೂ ಒಂದೇ ಹೊಲದಲ್ಲಿ ಬೆರೆತು ಬೆಳೆಯುವ ಪದ್ಧತಿ ಅವರದು. ನಮ್ಮ ಹಿರಿಯರು ಅಕ್ಕಡಿ ಎನ್ನುತ್ತಿದ್ದುದಕ್ಕೆ ಸಮೀಪದ್ದು. ನೀರು, ರಸಗೊಬ್ಬರಗಳನ್ನು ಕೇಳದೆ ಚಳಿಗಾಲದ ಇಬ್ಬನಿಯಲ್ಲೇ ಬರುವ ಬೆಳೆಗಳಿಗೆ ಆ ಹೆಂಗಸರು 'ಸತ್ಯಂ ಪಂಟಲು', ಸತ್ಯದ ಬೆಳೆಗಳು, ಎಂದು ಹೆಸರಿಟ್ಟಿದ್ದಾರೆ. 2008ರ ಅಕ್ಟೋಬರ್‌ನಲ್ಲಿ ಅವರದೇ ಸಮುದಾಯ ಬಾನುಲಿ ಕೇಂದ್ರ 'ಸಂಘಂ ರೇಡಿಯೋ' ಪ್ರಸಾರ ಆರಂಭಿಸಿತು.

ಹಾಗೆಂದು ಸರ್ಕಾರದ ಗೋದಾಮು ಬೇಡವೆನ್ನಲಾಗದು. ಬರ ಬಂದ ವರ್ಷ ಊರಿನ ಹೊಲವೂ ಒಣಗುತ್ತದೆ, ಊರಿನ ಕಣಜವೂ ಬರಿದಾಗುತ್ತದೆ. ಆಗ ದೂರದ ಧಾನ್ಯವೇ ಗತಿ. ಅಲ್ಲದೆ ಹತ್ತಾರು ಹಳ್ಳಿಗಳಲ್ಲಿ ನಡೆದುದನ್ನು ದೇಶಕ್ಕೆಲ್ಲ ಹರಡಲು ಅಷ್ಟೇ ತಾಳ್ಮೆಯುಳ್ಳ ಜನ ಎಲ್ಲೆಡೆ ಬೇಕು. ಆದರೂ ಅವರ ವಾದ ವ್ಯರ್ಥವಾಗಲಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋಧಿಗಳ ಜೊತೆಗೆ ಒರಟು ಧಾನ್ಯಗಳಿಗೂ ಪಡಿತರದಲ್ಲಿ ಸ್ಥಾನ ಕೊಟ್ಟಿತು. ನಮ್ಮ ರಾಜ್ಯದಲ್ಲಿಯೂ ರಾಗಿ, ಜೋಳಗಳನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚುವ ಕ್ರಮ ಬಂದಿತು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಸತೀಶ್ ಅವರು 2023ರ ಮಾರ್ಚ್‌ನಲ್ಲಿ, ಜಗತ್ತು ಸಿರಿಧಾನ್ಯಗಳ ವರ್ಷವನ್ನು ಆಚರಿಸುತ್ತಿದ್ದಾಗಲೇ, ತೀರಿಕೊಂಡರು. ಈಗ ಪೇಟೆಯಲ್ಲಿ ನವಣೆಯ ಬೆಲೆ ಅಕ್ಕಿಯನ್ನು ಮೀರಿಸಿದೆ; ಆ ಲಾಭ ಬೆಳೆದವಳಿಗೆ ಎಷ್ಟು ತಲುಪುತ್ತಿದೆಯೆಂಬುದು ಬೇರೆಯೇ ಲೆಕ್ಕ.

ಸಂಕ್ರಾಂತಿಯ ಸುಮಾರಿಗೆ ಆ ಭಾಗದಲ್ಲಿ ಹಳೆಯ ಬೆಳೆಗಳ ಜಾತ್ರೆ ನಡೆಯುತ್ತದೆ. ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ಬೀಜದ ಮಡಕೆಗಳು ಊರಿಂದೂರಿಗೆ ಸಾಗುತ್ತವೆ. ಬೀದರಿನ ಕಡೆ ಉದ್ಯೋಗದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಇದು ಬಹಳ ದೂರವೇನಲ್ಲ. ಹೋದವರು ಬಂಡಿಯಲ್ಲಿ ಎಷ್ಟು ಬಗೆಯ ಬೀಜಗಳಿದ್ದವೆಂದು ಎಣಿಸಿ ನನಗೊಂದು ಸಾಲು ಬರೆಯಿರಿ.