ಹೆಣದ ಗಾಡಿಯಿಂದ ಆ್ಯಂಬುಲೆನ್ಸಿಗೆ

ಕರ್ನಾಟಕದಲ್ಲಿ 108 ಆ್ಯಂಬುಲೆನ್ಸ್ ಸೇವೆ ಆರಂಭವಾದದ್ದು 2008ರಲ್ಲಿ. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಅಪಘಾತವಾದರೆ ಸಿಕ್ಕಿದ ಜೀಪು, ಆಟೋರಿಕ್ಷಾಗಳೇ ಗತಿಯಾಗಿದ್ದವು. ಇದು ಬಡದೇಶದ ಪಾಡೆಂದು ನಾವು ಭಾವಿಸುತ್ತೇವೆ. ಆದರೆ ಶ್ರೀಮಂತ ಅಮೆರಿಕದಲ್ಲಿಯೂ 1960ರ ದಶಕದವರೆಗೆ ಅನೇಕ ಊರುಗಳಲ್ಲಿ ಹೆಣ ಸಾಗಿಸುವ ಗಾಡಿಯೇ ರೋಗಿಯನ್ನೂ ಸಾಗಿಸುತ್ತಿತ್ತು! ಪಿಟ್ಸ್‌ಬರ್ಗ್ ನಗರದಲ್ಲಿ ಆ ಕೆಲಸ ಪೊಲೀಸರದ್ದು. ರೋಗಿಯನ್ನು ವ್ಯಾನಿನ ಹಿಂಭಾಗದಲ್ಲಿ ಮಲಗಿಸಿ ಅವರು ಮುಂದೆ ಕುಳಿತು ಗಾಡಿ ಓಡಿಸುತ್ತಿದ್ದರು. ಕಪ್ಪು ವರ್ಣೀಯರ ಬಡಾವಣೆಯಾದ ಹಿಲ್ ಡಿಸ್ಟ್ರಿಕ್ಟ್‌ಗೆ ಅವರು ಬರುವುದೇ ತಡ. ಬಂದರೂ ಪೊಲೀಸರೆಂದರೆ ಜನರಿಗೆ ಭಯ.

ಇದನ್ನು ಬದಲಿಸಲು ಹೊರಟವರಲ್ಲಿ ಡಾ. ಪೀಟರ್ ಸಫರ್ ಪ್ರಮುಖರು. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಝಿ ಆಡಳಿತದ ದಿನಗಳನ್ನು ದಾಟಿ ಬಂದ ಅರಿವಳಿಕೆ ತಜ್ಞ. ಉಸಿರು ನಿಂತವರಿಗೆ ಬಾಯಿಗೆ ಬಾಯಿಟ್ಟು ಉಸಿರು ನೀಡುವುದೇ ಉತ್ತಮ ವಿಧಾನವೆಂದು 1950ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟವರು. ಅಂಥವರ ಮಗಳೇ 1966ರಲ್ಲಿ ಅಸ್ತಮಾದಿಂದ ತೀರಿಕೊಂಡಳು. ಅದೇ ವರ್ಷ ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ ವೇದಿಕೆಯಲ್ಲೇ ಕುಸಿದುಬಿದ್ದರು. ಪೊಲೀಸ್ ಗಾಡಿಯಲ್ಲಿ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಅವರ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಗಿತ್ತು. ಗವರ್ನರ್ ಆಗಿದ್ದವರ ಗತಿಯೇ ಇದಾದರೆ ಸಾಮಾನ್ಯರ ಪಾಡೇನು?

1967ರಲ್ಲಿ 'ಫ್ರೀಡಂ ಹೌಸ್' ಆ್ಯಂಬುಲೆನ್ಸ್ ಯೋಜನೆ ರೂಪುಗೊಂಡಿತು. ಇದಕ್ಕೆ ಆರಿಸಿಕೊಂಡದ್ದು ವೈದ್ಯಕೀಯ ವಿದ್ಯಾರ್ಥಿಗಳನ್ನಲ್ಲ, ಹಿಲ್ ಡಿಸ್ಟ್ರಿಕ್ಟಿನ ನಿರುದ್ಯೋಗಿ ಯುವಕರನ್ನು. ಕೆಲವರು ವಿಯೆಟ್ನಾಂ ಯುದ್ಧದಿಂದ ಮರಳಿದವರು, ಕೆಲವರು ಹೈಸ್ಕೂಲನ್ನೂ ಮುಗಿಸದವರು. 'ಕೆಲಸಕ್ಕೆ ಬಾರದವರು' ಎಂದು ಸಮಾಜ ಬದಿಗೆ ಸರಿಸಿದ್ದ ಇವರಿಗೆ ಸಫರ್ ಸುಮಾರು 300 ಗಂಟೆಗಳ ತರಬೇತಿಯನ್ನು ರೂಪಿಸಿದರು. ಶರೀರ ರಚನೆ, ಹೃದಯ ಮತ್ತು ಶ್ವಾಸಕೋಶಗಳ ಪುನಶ್ಚೇತನ, ಪ್ರಥಮ ಚಿಕಿತ್ಸೆ ಎಲ್ಲವೂ ಅದರಲ್ಲಿದ್ದವು. 1968ರಲ್ಲಿ ವಾಹನಗಳು ರಸ್ತೆಗಿಳಿದವು. ಮೊದಲ ವರ್ಷದಲ್ಲೇ ಸುಮಾರು 5,800 ಕರೆಗಳಿಗೆ ಅವರು ಓಡಿದರು. ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದಷ್ಟೇ ಅಲ್ಲ, ಆಸ್ಪತ್ರೆಯನ್ನೇ ರೋಗಿಯ ಬಳಿಗೆ ಒಯ್ಯುವ ಪದ್ಧತಿ ಅಲ್ಲಿ ಬೇರೂರಿತು. ಬಳಿಕ ವೈದ್ಯಕೀಯ ನಿರ್ದೇಶಕಿಯಾಗಿ ಬಂದ ಡಾ. ನ್ಯಾನ್ಸಿ ಕ್ಯಾರೊಲಿನ್ ತಾವೇ ಆ್ಯಂಬುಲೆನ್ಸಿನಲ್ಲಿ ಕುಳಿತು ಇವರೊಂದಿಗೆ ತಿರುಗಿದರು. ಅಮೆರಿಕದ ಅರೆವೈದ್ಯಕೀಯ ಸಿಬ್ಬಂದಿಗೆ ಪಠ್ಯಕ್ರಮವನ್ನು ಸಿದ್ಧಪಡಿಸಿದವರು ಇವರೇ.

ಇಷ್ಟಾದರೂ 1975ರಲ್ಲಿ ನಗರಾಡಳಿತ ತನ್ನದೇ ಸೇವೆಯನ್ನು ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಅದರ ಸಿಬ್ಬಂದಿಯನ್ನು ಸೇರಿಸಿಕೊಳ್ಳುವ ಭರವಸೆಯೇನೋ ಇತ್ತು. ಆದರೆ ಅನುಭವಿಗಳಾಗಿದ್ದವರನ್ನು ಹೊಸಬರಾದ ಬಿಳಿಯರ ಕೈಕೆಳಗೆ ಇರಿಸಲಾಯಿತು, ಪರೀಕ್ಷೆಗಳ ನೆಪದಲ್ಲಿ ಹಲವರನ್ನು ಹೊರಹಾಕಲಾಯಿತು. ವಿದ್ಯೆ ಕೊಟ್ಟವರನ್ನೇ ಅನರ್ಹರೆನ್ನುವ ಈ ಜಾಣತನ ನಮಗೂ ಅಪರಿಚಿತವಲ್ಲ.

ಸಫರ್ ಮುಂದೆ ವಿಪತ್ತುಗಳತ್ತ ಗಮನ ಹರಿಸಿದರು. 1976ರಲ್ಲಿ ಜರ್ಮನಿಯ ಮೈಂಝ್ ನಗರದಲ್ಲಿ ಸ್ಥಾಪನೆಯಾದ, ವಿಪತ್ತು ವೈದ್ಯಕೀಯಕ್ಕೆ ಮೀಸಲಾದ ಅಂತಾರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. 1988ರ ಆರ್ಮೇನಿಯಾ ಭೂಕಂಪದ ಬಳಿಕ ಅವರ ಬಳಗ ಬದುಕುಳಿದವರನ್ನು ಮಾತನಾಡಿಸಿ ಅಧ್ಯಯನ ನಡೆಸಿತು. ಅವಶೇಷಗಳಡಿ ಸಿಲುಕಿದವರನ್ನು ಹೆಚ್ಚಾಗಿ ಹೊರಗೆಳೆದದ್ದು ದೂರದಿಂದ ಬಂದ ರಕ್ಷಣಾ ಪಡೆಗಳಲ್ಲ, ಗಾಯಗೊಳ್ಳದೆ ಉಳಿದ ನೆರೆಹೊರೆಯವರು ಎಂಬುದು ಅಲ್ಲಿ ಕಂಡುಬಂತು. ಜೀವ ಉಳಿಸುವ ಪ್ರಥಮ ಚಿಕಿತ್ಸೆಯನ್ನು ಎಲ್ಲರಿಗೂ ಕಲಿಸಬೇಕೆಂದು 2003ರಲ್ಲಿ ನಿಧನರಾಗುವವರೆಗೂ ಅವರು ವಾದಿಸುತ್ತಿದ್ದರು.

ಫ್ರೀಡಂ ಹೌಸಿನ ಜಾನ್ ಮೂನ್ ಮಾತ್ರ ಹಟ ಬಿಡದೆ ನಗರದ ಸೇವೆಯಲ್ಲೇ ಉಳಿದರು. 2009ರಲ್ಲಿ ನಿವೃತ್ತರಾಗುವಾಗ ಅವರು ಅದರ ಸಹಾಯಕ ಮುಖ್ಯಸ್ಥರಾಗಿದ್ದರು.