ಬಾಣಲ್ಯಾಗಿನ ಮಿಂಚು

ನಮ್ಮ ನಿಮ್ಮ ಮನ್ಯಾಗಿನ ಹಳೇ ಫೋಟೋ ತಗದು ನೋಡ್ರಿ. ಭಾಳಷ್ಟು ಅಂಗಳದಾಗ, ಇಲ್ಲಾ ಕಟ್ಟಿ ಮ್ಯಾಲ, ಇಲ್ಲಾ ಸ್ಟುಡಿಯೋದಾಗ ತಗದದ್ದು ಇರ್ತಾವ. ಅಡಿಗಿಮನ್ಯಾಗ ತಗದದ್ದು ಸಿಗೂದು ಅಪರೂಪ. ಅಜ್ಜಿಗೋಳು ಅರ್ಧಾ ಜನ್ಮ ಕಳದದ್ದು ಅಲ್ಲೇ, ಆದ್ರ ಅದರ ಗುರುತಿಲ್ಲ. ಯಾಕಂದ್ರ ಒಳಗ ಬೆಳಕಿರಲಿಲ್ಲ. ಬೆಳಕು ಇದ್ದಲ್ಲಿಗೆ ಮಂದೀನ ಹೋಗಿ ನಿಲ್ಲಬೇಕಿತ್ತು. ಮಂದಿ ಇದ್ದಲ್ಲಿಗೆ ಬೆಳಕನ್ನ ಒಯ್ದದ್ದು ಫ್ಲ್ಯಾಶು. ಅದರ ಇತಿಹಾಸ ಕೇಳೂಹಂಗ ಅದ.

1860ರ ದಶಕದಾಗ ಮ್ಯಾಗ್ನೀಷಿಯಂ ತಂತಿ ಸುಟ್ಟು ಆ ಬೆಳಕಿನ್ಯಾಗ ಫೋಟೋ ತಗೀಲಿಕ್ಕೆ ಸುರು ಮಾಡಿದ್ರು. ಆದ್ರ ತಂತಿ ಸಾವಕಾಶ ಉರೀತಿತ್ತು, ಹೊಗಿ ಬ್ಯಾರೆ. 1887ರಾಗ ಜರ್ಮನಿಯ ಗೇಡಿಕ್ ಮತ್ತು ಮೀಥೆ ಅನ್ನೋ ಇಬ್ಬರು ಮ್ಯಾಗ್ನೀಷಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಕೂಡಿಸಿದ್ರು. ಕಡ್ಡಿಪೆಟ್ಟಿಗಿ ಕಡ್ಡಿಯ ತುದ್ಯಾಗ ಇರೂದು ಇದ. ಈ ಪುಡಿಗೆ ಕಿಡಿ ಸೋಕಿದ್ರ ಸಾಕು, ಭಗ್ಗಂತ ಒಂದ ಕ್ಷಣದಾಗ ಎಲ್ಲಾ ಹೊತ್ತಿ ಹಗಲಾಗಿ ಬಿಡ್ತಿತ್ತು.

ಈ ಸುದ್ದಿ ನ್ಯೂಯಾರ್ಕಿನ ಜೇಕಬ್ ರೀಸ್ ಪೇಪರಿನ್ಯಾಗ ಓದಿದ. ಡೆನ್ಮಾರ್ಕಿನಿಂದ ಹೊಟ್ಟಿಪಾಡಿಗೆ ಬಂದವ, ಪೊಲೀಸ್ ಸುದ್ದಿ ಬರಿಯೂ ವರದಿಗಾರ. ಊರಾಗಿನ ಬಡವರ ಚಾಳುಗಳನ್ನ ರಾತ್ರಿ ತಿರುಗಿ ನೋಡಿದ್ದ. ಕಿಡಕಿ ಇಲ್ಲದ ಖೋಲಿ, ಒಂದೊಂದರಾಗ ಹತ್ತು ಹನ್ನೆರಡು ಮಂದಿ. ಬರದ್ರ ಯಾರೂ ನಂಬವಲ್ರು. ತೋರಸಬೇಕಂದ್ರ ಕತ್ತಲಿ. ಈ ಪುಡಿ ಅವನ ಕೆಲಸಕ್ಕ ಬಂತು.

ಮೊದಲ ಆ ಪುಡಿಯನ್ನ ಪಿಸ್ತೂಲಿನಂಥಾ ಒಂದು ಸಾಧನದಿಂದ ಹಾರಸ್ತಿದ್ರು. ನಡುರಾತ್ರಿ ಪಿಸ್ತೂಲು ಹಿಡಕೊಂಡು ಒಳಗ ಬಂದವರನ್ನ ನೋಡಿ ಮಂದಿ ಕಿಡಕಿ ಹಾರಿ ಓಡ್ತಿದ್ರಂತ. ಆಮ್ಯಾಲ ರೀಸ್ ಏನು ಮಾಡಿದ ಗೊತ್ತದ ಏನ್ರಿ? ಪಿಸ್ತೂಲು ಬಿಟ್ಟು ಬಾಣಲಿ ಹಿಡದ! ಬಾಣಲ್ಯಾಗ ಪುಡಿ ಹಾಕಿ ಉರಿ ಹಚ್ಚೂದು. ಅದು ಮನಿ ಸಾಮಾನು, ಮಂದಿಗೆ ಅಷ್ಟು ಅಂಜಿಕಿ ಆಗೂದಿಲ್ಲಂತ. ಆದ್ರ ಬಾಣಲಿ ಅಂದ ಮ್ಯಾಲ ಎಚ್ಚರ ಬೇಕಲ್ಲ. ಎರಡು ಸಲ ಮನಿಗೆ, ಒಂದು ಸಲ ತನಗ ಬೆಂಕಿ ಹಚ್ಚಿಕೊಂಡೆ ಅಂತ ಅವನ ಬರಕೊಂಡಾನ.

1890ರಾಗ ಅವನ ಪುಸ್ತಕ ಬಂತು. ಒಳಗಿನ ಚಿತ್ರ ನೋಡಿ ಊರ ಮಂದಿ ದಂಗಾದ್ರು. 1901ರಾಗ ನ್ಯೂಯಾರ್ಕಿನ್ಯಾಗ ಹೊಸಾ ಕಾಯ್ದೆ ಆತು. ಹೊಸದಾಗಿ ಕಟ್ಟೂ ಬಾಡಿಗಿ ಮನಿಗಳ ಪ್ರತಿ ಖೋಲಿಗೂ ಹೊರಗಿನ ಗಾಳಿ ಬೆಳಕು ಬರೂ ಕಿಡಕಿ ಇರಬೇಕು ಅಂತ. ಭಾಳ ಮಂದಿ ದುಡದಾರ ಅದಕ್ಕ, ಆದ್ರ ಆ ಫೋಟೋಗಳ ಪಾಲು ಸಣ್ಣದಲ್ಲ. ಬಾಣಲ್ಯಾಗಿನ ಗಳಿಗಿ ಬೆಳಕು, ಖಾಯಂ ಬೆಳಕಿಗೆ ದಾರಿ ಮಾಡಿತು. ಹಂಗಂತ ನಿದ್ದಿಗಣ್ಣಿನವರನ್ನ ಕೇಳದ ಕೇಳದ ತಗದದ್ದು ನನಗ ಸೇರೂದಿಲ್ಲ. ಅವರಿಗೆ ಒಳ್ಳೇದಾತು ಖರೆ, ಆದ್ರ ಅವರ ಮುಖ ಅವರದು.

1929ರ ಸುಮಾರಿಗೆ ಜರ್ಮನಿಯೊಳಗ ಫ್ಲ್ಯಾಶ್ ಬಲ್ಬು ಬಂತು. ಗಾಜಿನ ಬುರುಡಿಯೊಳಗ ಆಕ್ಸಿಜನ್ ಮತ್ತ ಅಲ್ಯೂಮಿನಿಯಂ ಹಾಳಿ. ಹೊಗಿ ಇಲ್ಲ, ಬೂದಿ ಇಲ್ಲ, ಆದ್ರ ಒಂದು ಬಲ್ಬಿಗೆ ಒಂದ ಫೋಟೋ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರವಾಲಾ ಕೆಲಸ ಮಾಡಿದ್ದು ಇಂಥಾ ಬಲ್ಬಿನ ಕಾಲದಾಗ. ಸೀರಿ ಉಟ್ಟು, ವಜ್ಜಾ ಕ್ಯಾಮೆರಾ ಹೊತ್ತು, ದಿಲ್ಲಿಯೊಳಗ ಸೈಕಲ್ ಮ್ಯಾಲ ತಿರುಗಿದ ಹೆಣಮಗಳು. 2011ರಾಗ ಪದ್ಮವಿಭೂಷಣ ಬಂತು.

ಮತ್ತ ಮತ್ತ ಹೊಡಿಯೂ ಫ್ಲ್ಯಾಶು ಬಂದದ್ದು ಅಮೇರಿಕಾದ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ಅವರಿಂದ, 1930ರ ದಶಕದಾಗ. ಕರೆಂಟು ಕೂಡಿಟ್ಟು ಒಮ್ಮೆಲೇ ಗ್ಯಾಸಿನ ನಳಗಿಯೊಳಗ ಬಿಡೂದು. ಕ್ಯಾಮೆರಾದ ನೆತ್ತಿ ಮ್ಯಾಲ ಕೂಡೂ ಫ್ಲ್ಯಾಶು ಕುಂಯ್ ಅಂತಿತ್ತಲ್ಲ, ಅದು ಕರೆಂಟು ತುಂಬೂ ಸಪ್ಪಳ.

ಸಾಧನ ಬದಲಾತು, ಬೆಳಕಿನ ಸ್ವಭಾವ ಬದಲಾಗಲಿಲ್ಲ. ದೂರ ಎರಡು ಪಟ್ಟಾದ್ರ ಬೆಳಕು ನಾಕನೇ ಒಂದು ಪಾಲು. ಅದಕ್ಕ ಮದವಿ ಫೋಟೋದಾಗ ಮುಂದ ಕೂತವರು ಸುಣ್ಣದಂಗ ಬೆಳ್ಳಗ, ಹಿಂದ ನಿಂತ ಹೆಣಮಕ್ಕಳು ಕತ್ತಲ್ಯಾಗ. ರೀಲಿನ ಕಾಲದಾಗ ಫೋಟೋ ತಗಿಯವರು ಬಾಯಿಲೆಕ್ಕ ಮಾಡ್ತಿದ್ರು: 100ರ ರೀಲು, ಫ್ಲ್ಯಾಶಿನ ಗೈಡ್ ನಂಬರು 28, ಮಂದಿ 5 ಮೀಟರ್ ದೂರ, ಭಾಗಿಸಿದ್ರ 5.6. ಅಷ್ಟಕ್ಕ ಲೆನ್ಸಿನ ಕಣ್ಣು ಇಡೂದು.

ಒಳಗ ತಗಿಯೂ ಮುಂದ ಫ್ಲ್ಯಾಶಿನ ಮುಖ ಬಿಳೇ ಸ್ಲ್ಯಾಬಿನ ಕಡೆ ಎತ್ತಿದ್ರ ಬೆಳಕು ಮ್ಯಾಲಿಂದ ಹರವಿ ಎಲ್ಲಾರ ಮ್ಯಾಲೂ ಬೀಳ್ತದ. ಕಣ್ಣು ಕೆಂಪಾಗೂದಿಲ್ಲ, ಜರಿ ಅಂಚು ಕಣ್ಣು ಕುಕ್ಕೂದಿಲ್ಲ. ಆದ್ರ ಜಂತಿ ಮನಿಯೊಳಗ ಇದು ನಡಿಯೂದಿಲ್ಲ, ಕರೇ ಕಟ್ಟಿಗಿ ಬೆಳಕು ನುಂಗ್ತದ. ಹಸರು ಗ್ವಾಡಿಗೆ ಹೊಡದ್ರ ಮುಖ ಹಸರು. ಹಳದಿ ದೀಪದ ಮಂಟಪದಾಗ ಫ್ಲ್ಯಾಶಿನ ಬೆಳಕು ನೀಲಿ ಕಾಣ್ತದ, ಅದಕ್ಕ ಮ್ಯಾಲ ಕೇಸರಿ ಬಣ್ಣದ ಹಾಳಿ ಹಚ್ತಾರ. ನಡು ಮಧ್ಯಾಹ್ನದ ಬಿಸಲಾಗ ಫ್ಲ್ಯಾಶ್ ಯಾಕ ಅಂತ ಕೇಳಬ್ಯಾಡ್ರಿ, ಸೆರಗಿನ ನೆರಳಾಗಿನ ಮುಖ ಕಾಣಲಿಕ್ಕೆ ಅಲ್ಲೇ ಅದು ಬೇಕು.

ಮುಂದಿನ ಮದವಿಯೊಳಗ ಫೋಟೋದವರಿಗೆ ಹೇಳ್ರಿ, ಹಿಂದಿನ ಸಾಲು ಬಿಡಬ್ಯಾಡ ಅಂತ. ಹಂಗ ಅಡಿಗಿಮನಿಗೂ ಕರಕೊಂಡು ಹೋಗ್ರಿ. ಒಳಗಿದ್ದವರನ್ನ ಮೊದಲ ಒಂದು ಮಾತು ಕೇಳೂದು ಮಾತ್ರ ಮರೀಬ್ಯಾಡ್ರಿ.