ಯಾಂತ್ರಿಕ ಶಕ್ತಿ

ಸಂಸ್ಕೃತದ ‘ಯಮ್’ ಧಾತುವಿಗೆ ತಡೆ, ಹಿಡಿತದಲ್ಲಿಡು ಎಂಬ ಅರ್ಥವಿದೆ. ಸಾಧನವನ್ನು ಸೂಚಿಸುವ ‘ತ್ರ’ ಪ್ರತ್ಯಯ ಸೇರಿ ‘ಯಂತ್ರ’ವಾಯಿತು, ‘ಯಾಂತ್ರಿಕ’ ಅದರ ವಿಶೇಷಣ. ನಿಯಮ, ಸಂಯಮ, ನಿಯಂತ್ರಣಗಳೂ ಇದೇ ಕುಲದವು. ಭೌತವಿಜ್ಞಾನದಲ್ಲಿ ವಸ್ತುವಿನ ಚಲನ ಶಕ್ತಿ ಮತ್ತು ಪ್ರಚ್ಛನ್ನ ಶಕ್ತಿಗಳ ಮೊತ್ತಕ್ಕೆ ಯಾಂತ್ರಿಕ ಶಕ್ತಿ ಎಂದು ಹೆಸರು. ಧುಮುಕುವ ನೀರಿಗೂ ಬೀಸುವ ಗಾಳಿಗೂ ಈ ಶಕ್ತಿಯುಂಟು. ಅಲ್ಲಿ ಯಂತ್ರವೇ ಇಲ್ಲವಲ್ಲ, ಹೆಸರು ದಾರಿ ತಪ್ಪಿಸುವುದಿಲ್ಲವೆ ಎಂಬ ಆಕ್ಷೇಪ ಸಹಜ.

ಆದರೆ ಶಕ್ತಿಯ ರೂಪಾಂತರವನ್ನು ಗಮನಿಸಿದರೆ ಧಾತುವಿನ ಅರ್ಥ ಬೆಳಕು ಚೆಲ್ಲುತ್ತದೆ. ಜೋಗದಲ್ಲಿ 253 ಮೀಟರ್ ಬೀಳುವ ಪ್ರತಿ ಕಿಲೋಗ್ರಾಂ ನೀರು ಸುಮಾರು 2,480 ಜೂಲ್ ಪ್ರಚ್ಛನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಿಡಿಯುವ ಸಾಧನವಿಲ್ಲದಿದ್ದರೆ ಅದು ಬಹುಪಾಲು ಉಷ್ಣವಾಗಿ ಚದುರುತ್ತದೆ. ಅಷ್ಟೂ ನೀರಿನಲ್ಲೇ ಉಳಿದರೂ ತಾಪ ಏರುವುದು 0.6 ಡಿಗ್ರಿ ಸೆಲ್ಸಿಯಸ್‌ನಷ್ಟೇ. ಅಂಥದೇ ನೀರನ್ನು ಕೊಳವೆಯಲ್ಲಿ ಹಿಡಿದು ಟರ್ಬೈನಿಗೆ ಹಾಯಿಸಿದರೆ ವಿದ್ಯುತ್ತು ಸಿಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಹೀಗೆ ರೂಪ ಬದಲಿಸಿದ ಕಾವೇರಿಯ ಶಕ್ತಿ. ‘ಯಾಂತ್ರಿಕ ಶಕ್ತಿ’ ಎಂಬ ಪಾರಿಭಾಷಿಕ ಪದ ಪಾಶ್ಚಾತ್ಯ ವಿಜ್ಞಾನದ ಪದಕ್ಕೆ ಸಂವಾದಿಯಾಗಿ ಬಂದದ್ದು, ಧಾತ್ವರ್ಥದ ಹೊಂದಿಕೆ ಆಕಸ್ಮಿಕ ಎನ್ನಬಹುದು. ಇರಲಿ, ಯಂತ್ರವು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹಿಡಿದು ತಿರುಗಿಸುತ್ತದೆ ಎಂಬ ನಿಜ ಅದರಿಂದ ಸುಳ್ಳಾಗದು. ಹಾಗಾಗಿ ಪದವನ್ನು ಬದಲಿಸಬೇಕಿಲ್ಲ. ‘ಯಂತ್ರದಿಂದ ಹುಟ್ಟಿದ ಶಕ್ತಿ’ ಎಂದು ಮಕ್ಕಳಿಗೆ ಬಿಡಿಸಿ ಹೇಳುವುದನ್ನು ನಿಲ್ಲಿಸಿದರೆ ಸಾಕು.